ಬಾಯಾರಿದ ಹತ್ತಿಗಿಡದ ಲೆಕ್ಕಾಚಾರ

ಅರಬ್ಬೀ ಸಮುದ್ರದ ಮೇಲಿಂದ ನೀರನ್ನು ಹೊತ್ತು ಬರುವ ಮುಂಗಾರಿನ ಮೋಡಗಳು ಮಲೆಯಾಳದ ಇಳಿಜಾರುಗಳ ಮೇಲೆ ತಮ್ಮ ಭಾರವನ್ನೆಲ್ಲ ಇಳಿಸಿ, ಪಾಲಘಾಟಿನ ಕಣಿವೆಯನ್ನು ದಾಟಿ ಮೂಡಣಕ್ಕೆ ನುಗ್ಗುವ ವೇಳೆಗೆ ಬರಿಯ ಗಾಳಿಯಾಗಿ ಉಳಿದುಬಿಡುವುದರಿಂದ, ಕೊಯಮತ್ತೂರು ಸೀಮೆಯ ರೈತನಿಗೆ ಆಷಾಢವು ಮಳೆಯ ಮಾಸವಾಗಿರದೆ ಗಾಳಿಯ ಮಾಸವಾಗಿದೆ. ವರ್ಷಕ್ಕೆ ಬೀಳುವ ಸುಮಾರು 650–700 ಮಿಲಿಮೀಟರು ಮಳೆಯಲ್ಲಿ ದೊಡ್ಡ ಪಾಲು ಹಿಂಗಾರಿನದು. ಅದೂ ಅಕ್ಟೋಬರ್, ನವೆಂಬರ್ ತಿಂಗಳುಗಳ ಕೆಲವೇ ದಿನಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಕಾಲದಲ್ಲಿ ಗಿಡವು ನೆಲದೊಳಗೆ ಇಂಗಿದ ತೇವವನ್ನೇ ನಂಬಿ, ಎಡೆಬಿಡದೆ ಬೀಸುವ ಒಣಗಾಳಿಗೆ ಆ ತೇವವನ್ನು ಎಲೆಯ ಮೂಲಕ ತೆರುತ್ತ ಬಾಳಬೇಕು.

ಕೊಯಮತ್ತೂರು ನಗರದ ಮೂಡಲ ಅಂಚಿನ ಸಿಂಗಾನಲ್ಲೂರು ಈ ಗಾಳಿಯ ದಾರಿಯಲ್ಲಿಯೇ ಇದೆ. ಆ ಹೆಸರನ್ನು ಕೇಳಿದೊಡನೆ ಕನ್ನಡಿಗರಿಗೆ ನಟ ರಾಜಕುಮಾರರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ನೆನಪಾಗುವುದು ಸಹಜವಾದರೂ, ಅವರದು ಕೊಳ್ಳೇಗಾಲದ ಕಡೆಯ ಬೇರೊಂದು ಊರು. ಆದರೆ ಕೊಳ್ಳೇಗಾಲದ ತಾಲ್ಲೂಕೂ 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತಾದ್ದರಿಂದ ಎರಡು ಸಿಂಗಾನಲ್ಲೂರುಗಳೂ ಒಂದು ಕಾಲಕ್ಕೆ ಒಬ್ಬನೇ ಕಲೆಕ್ಟರನ ಆಡಳಿತದಲ್ಲಿದ್ದುವು. ನೊಯ್ಯಲ್ ನದಿಯ ನೀರು ತುಂಬುವ ಕೆರೆಯೊಂದು, ನೂಲಿನ ಗಿರಣಿಗಳು, ಗಿರಣಿಯ ಕೆಲಸಗಾರರ ಬೀದಿಗಳು ಇವು ಇಲ್ಲಿಯ ಸಿಂಗಾನಲ್ಲೂರಿನ ಹಳೆಯ ಗುರುತುಗಳು. ಹೊಲವನ್ನುಳುವ ಒಕ್ಕಲಿಗರೂ ಮಗ್ಗದ ಮುಂದೆ ಕೂರುವ ದೇವಾಂಗರೂ ಈ ಸೀಮೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನಾಡುತ್ತ ಬಂದವರು; ಒಬ್ಬರು ಬೆಳೆದುದನ್ನು ಇನ್ನೊಬ್ಬರು ನೇಯುತ್ತಿದ್ದರು, ನಡುವೆ ಹತ್ತಿ.

ಆ ಹತ್ತಿಯೂ ಒಂದೇ ಬಗೆಯದಲ್ಲ. ಮಳೆಯನ್ನಷ್ಟೇ ನೆಚ್ಚಿ ಎರೆಹೊಲದಲ್ಲಿ ಬೆಳೆಯುತ್ತಿದ್ದ ಕರುಂಗಣ್ಣಿ, ಉಪ್ಪಂ ಎಂಬ ನಾಡಹತ್ತಿಗಳು ಒಂದು ಕಡೆಗೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸು ಪ್ರಾಂತಕ್ಕೆ ಬಂದು, ಕಪಿಲೆಯಿಂದ ಎತ್ತಿದ ಬಾವಿಯ ನೀರನ್ನು ಕುಡಿದು ಸೊಗಸಾದ ಉದ್ದನೆಯ ಎಳೆಯನ್ನು ಕೊಟ್ಟ ಕಾಂಬೋಡಿಯಾ ಹತ್ತಿ ಇನ್ನೊಂದು ಕಡೆಗೆ. ಕೊಯಮತ್ತೂರಿನ ಗಿರಣಿಗಳು ಬೆಳೆದದ್ದರಲ್ಲಿ ಈ ಎರಡನೆಯದರ ಪಾತ್ರ ದೊಡ್ಡದು. ಆದರೆ ಬಾವಿ ಬತ್ತಿದ ವರ್ಷ ಈ ಹತ್ತಿ ಮಾಡುತ್ತಿದ್ದ ಒಂದು ಕೆಲಸವು ರೈತನ ಹೊಟ್ಟೆಯನ್ನುರಿಸುತ್ತಿತ್ತು: ಗಿಡವಿನ್ನೂ ಹಸಿರಾಗಿರುವಾಗಲೇ, ಹುಳುವಿನ ಕಾಟವೇನೂ ಇಲ್ಲದಿರುವಾಗಲೇ, ಮೊಗ್ಗುಗಳೂ ಗೋಲಿ ಗಾತ್ರದ ಎಳೆಗಾಯಿಗಳೂ ತೊಟ್ಟುಸಮೇತ ಕಳಚಿ ಸಾಲಿನಲ್ಲಿ ಬಿದ್ದಿರುತ್ತಿದ್ದುವು.

ಒಳ್ಳೆಯ ವರ್ಷದಲ್ಲಿಯೂ ಹತ್ತಿಗಿಡವು ತಾನು ಕಟ್ಟಿದ ಮೊಗ್ಗು ಕಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉದುರಿಸುವುದುಂಟು. ನೀರು ತಪ್ಪಿದಾಗ ಆ ಪ್ರಮಾಣವು ಏರುತ್ತದೆ. ಆದರೆ ಉದುರುವುದಕ್ಕೂ ಒಂದು ಕ್ರಮವಿದೆಯೆಂಬುದನ್ನು ಹೊಲದಲ್ಲಿ ಬಗ್ಗಿ ನೋಡಿದವರು ಬಲ್ಲರು. ಅರಳಿ ಹತ್ತು ಹನ್ನೆರಡು ದಿನಗಳೊಳಗಿನ ಎಳೆಗಾಯಿ ಮೊದಲು ಬೀಳುತ್ತದೆ. ಅದಕ್ಕಿಂತ ಬಲಿತ ಕಾಯಿ, ಗಿಡವು ಅದಕ್ಕಾಗಿ ಈಗಾಗಲೇ ಸಾಕಷ್ಟು ವ್ಯಯಿಸಿರುವುದರಿಂದಲೋ ಎಂಬಂತೆ, ಎಲೆಗಳು ಜೋತುಬಿದ್ದರೂ ತೊಟ್ಟನ್ನು ಬಿಡುವುದಿಲ್ಲ. ಬಿದ್ದ ಕಾಯಿಯೊಂದನ್ನು ಕೈಗೆತ್ತಿಕೊಂಡು ತೊಟ್ಟಿನ ತುದಿಯನ್ನು ಪರಿಶೀಲಿಸಿದರೆ, ಅಲ್ಲಿ ಹರಿದ ನಾರಾಗಲಿ ಮುರಿದ ಗಾಯವಾಗಲಿ ಕಾಣದೆ, ನಯವಾಗಿ ಬೇರ್ಪಟ್ಟ, ಸ್ವಲ್ಪ ತಗ್ಗಾದ ಒಂದು ಚಿಕ್ಕ ಬಿಲ್ಲೆಯಷ್ಟೇ ಕಾಣುತ್ತದೆ. ಗಾಳಿ ಕಿತ್ತ ಕಾಯಿ ಹೀಗಿರುವುದಿಲ್ಲ. ಇದು ಗಿಡವೇ ಬಿಟ್ಟುಕೊಟ್ಟ ಕಾಯಿ.

ಇಂಥ ಎಳೆಗಾಯಿಗಳನ್ನೇ ರಾಶಿರಾಶಿಯಾಗಿ ತಂದು ಅರೆದು ಸೋಸಿ, ಕಾಯಿಯನ್ನು ಉದುರಿಸುವ ದ್ರವ್ಯವು ಯಾವುದಿರಬಹುದೆಂದು ಹುಡುಕಿದವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದರು. ಅಲ್ಲಿಯ ವಿಶ್ವವಿದ್ಯಾನಿಲಯದ ಡೇವಿಸ್ ಕೇಂದ್ರದಲ್ಲಿ ಫ್ರೆಡರಿಕ್ ಆಡಿಕಾಟ್ ಎಂಬ ಸಸ್ಯಶಾಸ್ತ್ರಜ್ಞನೂ ಓಕುಮ ಮೊದಲಾದ ಆತನ ಸಹಾಯಕರೂ ನೂರಾರು ಕಿಲೋ ಹತ್ತಿಕಾಯಿಗಳಿಂದ ಕೆಲವೇ ಮಿಲಿಗ್ರಾಮಿನಷ್ಟು ಹರಳನ್ನು ಬೇರ್ಪಡಿಸಿ, 1963ರಲ್ಲಿ ಅದಕ್ಕೆ 'ಆಬ್ಸಿಸಿನ್ 2' ಎಂಬ ಹೆಸರಿಟ್ಟರು. ಅದೇ ಕಾಲಕ್ಕೆ ಸಮುದ್ರದಾಚೆ ವೇಲ್ಸಿನ ಆಬರಿಸ್ಟ್ವಿತ್ ಎಂಬಲ್ಲಿ, ಹತ್ತಿಯ ಗೊಡವೆಯೇ ಇಲ್ಲದ ಫಿಲಿಪ್ ವೇರಿಂಗ್ ಎಂಬಾತನು, ಚಳಿಗಾಲಕ್ಕೆ ಮುನ್ನ ಸಿಕಮೋರ್ ಮರದ ಮೊಗ್ಗುಗಳು ನಿದ್ರೆಗೆ ಸಲ್ಲುವುದೇತರಿಂದ ಎಂಬ ಬೇರೆಯೇ ಪ್ರಶ್ನೆಯನ್ನು ಬೆನ್ನಟ್ಟಿ 'ಡಾರ್ಮಿನ್' ಎಂಬ ದ್ರವ್ಯವನ್ನು ಹಿಡಿದಿದ್ದನು. ಎರಡೂ ಒಂದೇ ಎಂಬುದನ್ನು 1965ರಲ್ಲಿ ತೋರಿಸಿಕೊಟ್ಟವನು ಜಾನ್ ಕಾರ್ನ್‌ಫರ್ತ್; ಯೌವನದಲ್ಲಿಯೇ ಕಿವಿ ಪೂರ್ತಿ ಕೇಳಿಸದಂತಾದರೂ ರಸಾಯನಶಾಸ್ತ್ರವನ್ನು ಬಿಡದೆ 1975ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಮಹನೀಯನೀತನೇ. 1967ರಲ್ಲಿ ಕೆನಡಾದ ಆಟವಾ ನಗರದಲ್ಲಿ ಸೇರಿದ ವಿದ್ವಾಂಸರು ಎರಡು ಹೆಸರುಗಳ ಗೊಂದಲವನ್ನು ನೀಗಲೆಂದು ಅದನ್ನು 'ಆಬ್ಸಿಸಿಕ್ ಆಮ್ಲ' ಎಂದು ಕರೆದರು. ಹದಿನೈದು ಇಂಗಾಲದ ಪರಮಾಣುಗಳ ಸಣ್ಣ ಅಣು. ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನಿನ ಬಳಗದ ವರ್ಣದ್ರವ್ಯಗಳನ್ನು ಗಿಡವು ತುಂಡರಿಸಿ ಇದನ್ನು ಮಾಡಿಕೊಳ್ಳುತ್ತದೆ.

ಉದುರಿಸುವ ಆಮ್ಲವೆಂದೇ ಆ ಹೆಸರಿನ ಅರ್ಥ. ಆದರೆ ವಿಜ್ಞಾನದಲ್ಲಿ ನಾಮಕರಣವು ಹಲವೊಮ್ಮೆ ಜಾತಕವನ್ನು ಬರೆಯುವುದಕ್ಕೆ ಮೊದಲೇ ನಡೆದುಹೋಗುತ್ತದೆ. ಕಾಯಿಯನ್ನೂ ಎಲೆಯನ್ನೂ ನೇರವಾಗಿ ಕಳಚುವ ಕೆಲಸ ಮುಖ್ಯವಾಗಿ ಎಥಿಲೀನ್ ಎಂಬ ಇನ್ನೊಂದು ಹಾರ್ಮೋನಿನದೆಂದೂ, ಹತ್ತಿಕಾಯಿಯಲ್ಲಿ ಸಿಕ್ಕಿದ ಈ ಆಮ್ಲದ ನಿಜವಾದ ವೃತ್ತಿ ನೀರಿನ ಅಭಾವವನ್ನು ನಿಭಾಯಿಸುವುದೆಂದೂ ಕೆಲವೇ ವರ್ಷಗಳಲ್ಲಿ ತಿಳಿದುಬಂದಿತು. ಇಂಗ್ಲೆಂಡಿನಲ್ಲಿ ರೈಟ್ ಮತ್ತು ಹೈರನ್ ಎಂಬಿಬ್ಬರು 1969ರಲ್ಲಿ ಗೋದಿಯ ಎಲೆಗಳನ್ನು ಬಾಡಿಸಿ ನೋಡಿದಾಗ, ನಾಲ್ಕೇ ಗಂಟೆಗಳೊಳಗೆ ಅವುಗಳಲ್ಲಿ ಈ ಆಮ್ಲವು ಸುಮಾರು ನಲವತ್ತು ಪಟ್ಟು ಹೆಚ್ಚಿತ್ತು. ಅದೇ ವರ್ಷ ಬೇರೆ ಸಂಶೋಧಕರು, ಕತ್ತರಿಸಿದ ಎಲೆಗಳಿಗೆ ಇದನ್ನು ಉಣಿಸಿದರೆ ಅವುಗಳ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆಂಬುದನ್ನು ಪ್ರಕಟಿಸಿದರು.

ಪತ್ರರಂಧ್ರವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡತಕ್ಕದ್ದು. ಹತ್ತಿಯ ಎಲೆಯ ಎರಡು ಮೈಗಳಲ್ಲಿಯೂ, ಚದರ ಮಿಲಿಮೀಟರಿಗೆ ನೂರಾರರಂತೆ, ಬರಿಗಣ್ಣಿಗೆ ಕಾಣದ ಬಾಯಿಗಳಿವೆ. ಇವೆಲ್ಲವೂ ತೆರೆದರೂ ಎಲೆಯ ಮೇಲ್ಮೈಯಲ್ಲಿ ನೂರಕ್ಕೆ ಕೆಲವೇ ಪಾಲು. ಆದರೂ ಗಿಡವು ಕಳೆದುಕೊಳ್ಳುವ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಈ ಬಾಯಿಗಳಿಂದಲೇ ಹೋಗುತ್ತದೆ, ಗಿಡಕ್ಕೆ ಅನ್ನವಾಗುವ ಇಂಗಾಲದ ಡೈಆಕ್ಸೈಡೂ ಇವುಗಳಿಂದಲೇ ಒಳಕ್ಕೆ ಬರಬೇಕು. ಹತ್ತಿ, ಭತ್ತ, ಗೋದಿಗಳಂಥ ಸಸ್ಯಗಳು ಆ ಅನಿಲದ ಒಂದು ಅಣುವನ್ನು ಗಳಿಸುವುದಕ್ಕೆ ಸುಮಾರು ನಾನೂರು ನೀರಿನ ಅಣುಗಳನ್ನು ತೆರಬೇಕಾಗುತ್ತದೆ. ಜೋಳ, ಮುಸುಕಿನ ಜೋಳ, ಕಬ್ಬುಗಳು ಇದರ ಅರ್ಧಕ್ಕಿಂತ ಕಡಿಮೆಗೆ ಅದೇ ವ್ಯಾಪಾರವನ್ನು ಮುಗಿಸುತ್ತವೆ. ಈ ಲೆಕ್ಕವೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬರದಲ್ಲಿ ಗಿಡವು ಮಾಡುವುದೆಲ್ಲ ಅರ್ಥವಾಗುತ್ತ ಹೋಗುತ್ತದೆ: ಬಾಯಿ ತೆರೆದರೆ ನೀರು ಹೋಯಿತು, ಮುಚ್ಚಿದರೆ ಅನ್ನ ಹೋಯಿತು.

ಒಂದೊಂದು ರಂಧ್ರಕ್ಕೂ ಅಕ್ಕಪಕ್ಕಗಳಲ್ಲಿ ಎರಡು ಕಾವಲು ಕೋಶಗಳಿವೆ. ಅವು ನೀರು ತುಂಬಿ ಉಬ್ಬಿದಾಗ ಬಾಗಿ ಒಂದರಿಂದೊಂದು ದೂರ ಸರಿಯುವುದರಿಂದ ನಡುವೆ ಸಂದು ತೆರೆಯುತ್ತದೆ. ಸೊರಗಿದಾಗ ಒಂದಕ್ಕೊಂದು ಒರಗಿ ಸಂದು ಮುಚ್ಚುತ್ತದೆ. ಆಬ್ಸಿಸಿಕ್ ಆಮ್ಲದ ಅಣುವು ಈ ಕೋಶವನ್ನು ಹೊಕ್ಕೊಡನೆ ಅಲ್ಲಿ ಕಾದುಕುಳಿತ ಗ್ರಾಹಕ ಪ್ರೋಟೀನೊಂದು ಅದನ್ನು ತನ್ನ ಮಡಿಲಿಗೆ ಸೇರಿಸಿಕೊಂಡು ಆಕಾರವನ್ನು ಬದಲಾಯಿಸುತ್ತದೆ. ಬದಲಾದ ಆ ಆಕಾರದಿಂದ, ಅದುವರೆಗೆ ಕೋಶದೊಳಗಿನ ಆಜ್ಞಾವಾಹಕ ಕಿಣ್ವವನ್ನು ಅದುಮಿಟ್ಟಿದ್ದ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ. ಬಿಡುಗಡೆ ಹೊಂದಿದ ಆಜ್ಞಾವಾಹಕವು ಕೋಶಪೊರೆಯ ಮೇಲಣ ನಾಲೆಗಳನ್ನು ತೆರೆಸುತ್ತದೆ. ಕ್ಲೋರೈಡು, ಮ್ಯಾಲೇಟುಗಳು ಹೊರಕ್ಕೆ ಹರಿಯುತ್ತವೆ, ಅವುಗಳ ಹಿಂದೆಯೇ ಪೊಟ್ಯಾಸಿಯಂ, ಪೊಟ್ಯಾಸಿಯಮ್ಮಿನ ಹಿಂದೆ ನೀರು. ಕೋಶ ಜೋಲುತ್ತದೆ, ರಂಧ್ರ ಮುಚ್ಚುತ್ತದೆ. ಇಷ್ಟೆಲ್ಲಕ್ಕೂ ಬೇಕಾದದ್ದು ಕೆಲವು ನಿಮಿಷಗಳು. ಇಲ್ಲಿ ಗಮನಿಸತಕ್ಕ ವಿಶೇಷವೆಂದರೆ, ಆಜ್ಞೆಯು ಹೊಸದಾಗಿ ಹುಟ್ಟುವುದಿಲ್ಲ, ಅದಕ್ಕಿದ್ದ ಅಡ್ಡಿ ತೊಲಗುತ್ತದೆ. ಮುಚ್ಚುವ ಸಿದ್ಧತೆ ಸದಾ ಇದ್ದೇ ಇದೆ.

ಈ ಗ್ರಾಹಕವು ಸಿಕ್ಕಿದ್ದು ಮಾತ್ರ ಬಹಳ ತಡವಾಗಿ. ಹಾರ್ಮೋನು ದೊರೆತು ನಲವತ್ತು ವರ್ಷಗಳಾದರೂ ಅದನ್ನು ಸ್ವೀಕರಿಸುವ ಪ್ರೋಟೀನು ಯಾವುದೆಂದು ಗೊತ್ತಾಗದೆ, 2006ರಲ್ಲಿ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬಂದ ಘೋಷಣೆಯನ್ನು ಎರಡು ವರ್ಷಗಳ ನಂತರ ಹಿಂದಕ್ಕೆ ಪಡೆಯಬೇಕಾದ ಪ್ರಸಂಗವೂ ನಡೆಯಿತು. ಕೊನೆಗೆ 2009ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡಿನ ಶಾನ್ ಕಟ್ಲರ್ ಅವರ ತಂಡವೂ ಜರ್ಮನಿಯ ಮ್ಯೂನಿಕ್ ಬಳಿಯ ಎರ್ವಿನ್ ಗ್ರಿಲ್ ಅವರ ತಂಡವೂ ಬೇರೆಬೇರೆ ದಾರಿಗಳಿಂದ ಒಂದೇ ಪ್ರೋಟೀನುಗಳ ಕುಟುಂಬವನ್ನು ತಲಪಿದ ಮೇಲೆ ವಿವಾದವು ನಿಂತಿತು.

ಈ ಹಾರ್ಮೋನಿಲ್ಲದಿದ್ದರೆ ಏನಾದೀತೆಂಬುದಕ್ಕೆ ಟೊಮೆಟೊದ ಸಾಕ್ಷಿಯಿದೆ. ಫ್ಲಾಕಾ, ಸಿಟಿಯೆನ್ಸ್ ಎಂಬ ಹೆಸರಿನ ಟೊಮೆಟೊ ವಿಕೃತಿಗಳು ಬುಡಕ್ಕೆ ಕೊಡಗಟ್ಟಲೆ ನೀರು ಹೊಯ್ದರೂ ಮಧ್ಯಾಹ್ನದ ಬಿಸಿಲಿಗೆ ಜೋತುಬೀಳುತ್ತವೆ, ಏಕೆಂದರೆ ಅವುಗಳ ರಂಧ್ರಗಳು ರಾತ್ರಿಯಲ್ಲಿಯೂ ಸರಿಯಾಗಿ ಮುಚ್ಚುವುದಿಲ್ಲ. ಇಸ್ರೇಲಿನ ತಾಲ್ ಮತ್ತು ಇಂಬರ್ ಎಂಬವರು 1970ರಲ್ಲಿ ಇವುಗಳಲ್ಲಿ ಆಬ್ಸಿಸಿಕ್ ಆಮ್ಲದ ಕೊರತೆಯಿದೆಯೆಂದು ಕಂಡುಹಿಡಿದು ಅದನ್ನು ಹೊರಗಿನಿಂದ ಸಿಂಪಡಿಸಿದಾಗ ಗಿಡಗಳು ತಲೆಯೆತ್ತಿ ನಿಂತುವು. ನೀರಿನ ನಡುವೆ ನಿಂತು ಬಾಡುವ ಆ ಬಡಪಾಯಿ ಗಿಡಗಳು ಕಲಿಸಿದಷ್ಟನ್ನು ಹಲವು ಗ್ರಂಥಗಳು ಕಲಿಸಿಲ್ಲವೆಂದು ನನ್ನ ಭಾವನೆ.

ನೆಲ ಒಣಗುತ್ತಿದೆಯೆಂಬುದನ್ನು ಎಲೆಗೆ ತಿಳಿಸುವವರಾರು? ಬೇರು ಆಮ್ಲವನ್ನು ತಯಾರಿಸಿ ರಸನಾಳದಲ್ಲಿ ಮೇಲಕ್ಕೆ ಕಳುಹುತ್ತದೆಂದು 1980ರ ದಶಕದಿಂದೀಚೆಗೆ ಬಹುಕಾಲ ನಂಬಲಾಗಿತ್ತು. ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿ ಒಂದೇ ಗಿಡದ ಬೇರನ್ನು ಎರಡು ಕುಂಡಗಳಿಗೆ ಹಂಚಿ, ಒಂದಕ್ಕೆ ಮಾತ್ರ ನೀರು ಹಾಕಿದಾಗ, ಎಲೆಗೆ ನೀರಿನ ಕೊರತೆ ಇಲ್ಲದಿದ್ದರೂ ಅದರ ರಂಧ್ರಗಳು ಸಂಕುಚಿತವಾದುವು. ಆದರೆ ಆಮ್ಲ ತಯಾರಿಸಲಾರದ ಬೇರಿನ ಮೇಲೆ ಒಳ್ಳೆಯ ಟೊಮೆಟೊ ಕೊಂಬೆಯನ್ನು ಕಸಿಕಟ್ಟಿದರೂ ರಂಧ್ರಗಳು ಬರದಲ್ಲಿ ಮುಚ್ಚಿದ್ದರಿಂದ, ಆಮ್ಲವು ಬಹುಪಾಲು ಎಲೆಯಲ್ಲಿಯೇ ಹುಟ್ಟುತ್ತದೆಂದು ಒಪ್ಪಬೇಕಾಯಿತು. 2018ರಲ್ಲಿ ಜಪಾನಿನ ಸಂಶೋಧಕರು ಬೇರಿನಲ್ಲಿ ಹುಟ್ಟಿ ಎಲೆಗೆ ಏರಿ, ಅಲ್ಲಿ ಆಮ್ಲದ ತಯಾರಿಕೆಯನ್ನು ಆರಂಭಿಸುವ ಪುಟ್ಟ ಪೆಪ್ಟೈಡೊಂದನ್ನು ತೋರಿಸಿದರು. ಸುದ್ದಿ ಬೇರಿನದು, ಆಮ್ಲ ಎಲೆಯದು ಎಂದಂತಾಯಿತು.

ಬೇರಿನಲ್ಲಿ ಇದೇ ಆಮ್ಲವು ಬೇರೊಂದು ಮುಖವನ್ನು ತೋರುತ್ತದೆ. ಮೇಲೆ ಎಲೆಯ ಬೆಳವಣಿಗೆಯನ್ನು ತಡೆಯುವಾಗ, ಕೆಳಗೆ ಎಥಿಲೀನನ್ನು ಹದ್ದುಬಸ್ತಿನಲ್ಲಿಟ್ಟು ಬೇರಿನ ತುದಿಯು ಒಣಮಣ್ಣಿನಲ್ಲಿಯೂ ಆಳಕ್ಕೆ ಇಳಿಯುತ್ತಿರುವಂತೆ ನೋಡಿಕೊಳ್ಳುತ್ತದೆ. ಬರಗಾಲದಲ್ಲಿ ಒಡವೆಯನ್ನು ಅಡವಿಟ್ಟಾದರೂ ಬಾವಿಯನ್ನು ಇನ್ನೆರಡು ಮೊಳ ಆಳಮಾಡಿಸುವ ಸಂಸಾರಿಯ ನೀತಿಯೇ ಇದು. ಸೈಟೊಕೈನಿನ್ ಎಂಬ, ಎಲೆಯನ್ನು ಹಸಿರಾಗಿಡುವ ಹಾರ್ಮೋನು ಬೇರೊಣಗಿದಂತೆ ಕುಗ್ಗುತ್ತದೆ, ಹಳೆಯ ಎಲೆಗಳು ಹಳದಿಯಾಗಿ ತಮ್ಮ ಸಾರವನ್ನು ಎಳೆಯವಕ್ಕೆ ಒಪ್ಪಿಸುತ್ತವೆ. ಜಾಸ್ಮೊನೇಟು, ಸ್ಟ್ರೈಗೊಲ್ಯಾಕ್ಟೋನು ಮೊದಲಾದ ಇನ್ನೂ ಕೆಲವರು ಈ ಸಭೆಯಲ್ಲಿದ್ದಾರೆ. ಅವರ ಮಾತು ಇಲ್ಲಿ ಬೇಡ.

ಇಷ್ಟಾದ ಮೇಲೆ ಉದುರಿದ ಹತ್ತಿಕಾಯಿಯ ವೃತ್ತಾಂತವನ್ನು ಹೇಳಬಹುದು. ತೊಟ್ಟಿನ ಬುಡದಲ್ಲಿ ಕೆಲವೇ ಸಾಲು ಕೋಶಗಳ ಒಂದು ಉದುರುಪದರವು ಮೊದಲಿನಿಂದಲೂ ಇರುತ್ತದೆ. ಚೆನ್ನಾಗಿ ಬೆಳೆಯುತ್ತಿರುವ ಕಾಯಿಯಿಂದ ಆಕ್ಸಿನ್ ಎಂಬ ಹಾರ್ಮೋನು ಈ ಪದರದ ಮೂಲಕ ಎಡೆಬಿಡದೆ ಕೆಳಕ್ಕೆ ಹರಿಯುತ್ತಿರುವಷ್ಟು ಕಾಲವೂ ಪದರವು ಎಥಿಲೀನಿನ ಮಾತಿಗೆ ಕಿವಿಗೊಡುವುದಿಲ್ಲ. ರಂಧ್ರಗಳು ಮುಚ್ಚಿ ಎಲೆಯು ಸಕ್ಕರೆಯನ್ನು ಕಳುಹದಾದಾಗ ಎಳೆಗಾಯಿಯ ಬೆಳವಣಿಗೆ ನಿಲ್ಲುತ್ತದೆ, ಆಕ್ಸಿನ್ನಿನ ಹರಿವು ತೆಳುವಾಗುತ್ತದೆ. ಅತ್ತ ಎಳೆಗಾಯಿಯು ಎಥಿಲೀನನ್ನು ಹೆಚ್ಚು ಹೆಚ್ಚಾಗಿ ಬಿಡತೊಡಗುತ್ತದೆ. ನೀರು ತಪ್ಪಿದ ಹತ್ತಿಯಲ್ಲಿ ಹೀಗಾಗುವುದನ್ನು ಅಮೆರಿಕದ ಜೀನ್ ಗಿನ್ 1976ರಲ್ಲಿಯೇ ಅಳೆದು ತೋರಿಸಿದ್ದನು. ಆಗ ಉದುರುಪದರದ ಕೋಶಗಳು ತಮ್ಮ ನಡುವಣ ಅಂಟನ್ನು ಕರಗಿಸುವ ಕಿಣ್ವಗಳನ್ನು ತಯಾರಿಸುತ್ತವೆ, ಮುಂದಿನದು ಗಾಳಿಯ ಕೆಲಸ. ಆದಕಾರಣ ಸಾಲಿನಲ್ಲಿ ಬಿದ್ದ ಕಾಯಿಗಳು ಗಿಡದ ಸೋಲಿನ ಚಿಹ್ನೆಗಳಲ್ಲ. ಹೊತ್ತ ಕಾಯಿಗಳೆಲ್ಲವನ್ನೂ ಅರೆಹೊಟ್ಟೆಯಲ್ಲಿಟ್ಟು ಒಂದನ್ನೂ ಬಲಿಸಲಾರದೆ ಹೋಗುವುದಕ್ಕಿಂತ, ಕೆಲವನ್ನು ಬಿಟ್ಟು ಉಳಿದವುಗಳಲ್ಲಿ ಬೀಜವನ್ನು ಗಟ್ಟಿಗೊಳಿಸುವುದೇ ಅದರ ವಂಶದ ದೃಷ್ಟಿಯಿಂದ ಜಾಣತನ. ನಮಗೆ ಬೇಕಾದದ್ದು ಅರಳೆ, ಗಿಡಕ್ಕೆ ಬೇಕಾದದ್ದು ಬೀಜ, ಜಗಳವಿರುವುದು ಅಲ್ಲಿಯೇ.

ಬೀಜದ ಮಾತು ಬಂದಾಗ ಹತ್ತಿಗೆ ಸಲ್ಲಬೇಕಾದ ಇನ್ನೊಂದು ಕೀರ್ತಿಯನ್ನು ಹೇಳದಿರುವುದು ನ್ಯಾಯವಲ್ಲ. ಬಲಿಯುತ್ತಿರುವ ಬೀಜವು ತನ್ನ ನೀರನ್ನೆಲ್ಲ ಕಳೆದುಕೊಂಡೂ ಸಾಯದೆ ಉಳಿಯುವುದು ಹೇಗೆಂದು ಪರೀಕ್ಷಿಸುತ್ತಿದ್ದ ಅಮೆರಿಕದ ಜಾರ್ಜಿಯಾದ ಲಿಯಾನ್ ಡ್ಯೂರ್, 1981ರಲ್ಲಿ ಹತ್ತಿಬೀಜದ ಭ್ರೂಣದಲ್ಲಿ, ಕೊನೆಯ ಹಂತದಲ್ಲಿ ಮಾತ್ರ ರಾಶಿಯಾಗಿ ಕಾಣಿಸಿಕೊಳ್ಳುವ ಪ್ರೋಟೀನುಗಳ ಒಂದು ವರ್ಗವನ್ನು ಗುರುತಿಸಿದನು. ಆಬ್ಸಿಸಿಕ್ ಆಮ್ಲದ ಅಪ್ಪಣೆಯಿಂದ ಹುಟ್ಟಿ, ಒಣಗುವ ಕೋಶದ ಸೂಕ್ಷ್ಮರಚನೆಯನ್ನು ಕಾಪಾಡುವ ಈ ಪ್ರೋಟೀನುಗಳು ಬರಕ್ಕೆ ಸಿಕ್ಕಿದ ಎಲೆ ಬೇರುಗಳಲ್ಲಿಯೂ ಹುಟ್ಟುತ್ತವೆಂದು ಅನಂತರ ತಿಳಿಯಿತು. ಬೀಜ ಒಣಗಿ ಬದುಕುವ ಮಾತಿಗೇ ಸೇರಿದಂತೆ, ರಾಗಿಯ ಸೀಮೆಯಲ್ಲಿ ರಾಗಿಬೀಜವನ್ನು ಬಿತ್ತುವುದಕ್ಕೆ ಮೊದಲು ಗಟ್ಟಿಗೊಳಿಸುವ ಒಂದು ಸುಲಭೋಪಾಯವನ್ನು ಕೃಷಿತಜ್ಞರು ಹೇಳುತ್ತಾರೆ: ಕಿಲೋ ಬೀಜಕ್ಕೆ ಒಂದು ಲೀಟರು ನೀರಿನಂತೆ ಆರು ಗಂಟೆ ನೆನೆಸಿ, ನೀರನ್ನು ಬಸಿದು, ಒದ್ದೆಬಟ್ಟೆಯಲ್ಲಿ ಎರಡು ದಿನ ಬಿಗಿಯಾಗಿ ಕಟ್ಟಿಟ್ಟು, ಮೊಳಕೆಯ ಮೂಗು ಕಾಣುವಷ್ಟರಲ್ಲಿ ತೆಗೆದು, ನೆರಳಿನಲ್ಲಿ ಎರಡು ದಿನ ಒಣಗಿಸಿ ಬಿತ್ತುವುದು. ಒಮ್ಮೆ ಎಚ್ಚೆತ್ತು ಮತ್ತೆ ಒಣಗಿದ ಬೀಜದ ಸಸಿ ಮುಂದೆ ಬರುವ ಮಳೆಯ ತಡೆಯನ್ನು ಹೆಚ್ಚು ಧೈರ್ಯದಿಂದ ಎದುರಿಸುತ್ತದೆ.

ಕೊಯಮತ್ತೂರಿನ ವಿಜ್ಞಾನಿಗಳು ಮೊದಮೊದಲು ಹಾರ್ಮೋನುಗಳ ಹೆಸರನ್ನು ಎತ್ತದೆಯೇ ಬರವನ್ನೆದುರಿಸುವ ಈ ಕ್ಷೇತ್ರದಲ್ಲಿ ದುಡಿದವರು. 1912ರಲ್ಲಿ ಇಲ್ಲಿ ಸ್ಥಾಪಿತವಾದ ಕಬ್ಬಿನ ತಳಿ ಸಂಸ್ಥೆಯಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು, ರಸವತ್ತಾದರೂ ಸುಕುಮಾರವಾದ ಕಬ್ಬಿಗೆ, ಮರಳುದಿಣ್ಣೆಗಳಲ್ಲಿ ತಾನಾಗಿ ಬೆಳೆಯುವ ಒರಟು ಕಾಡುಕಬ್ಬಿನ ಪರಾಗವನ್ನು ಸೇರಿಸಿ, 1918ರಲ್ಲಿ ಬಿಡುಗಡೆ ಮಾಡಿದ ಕೋ 205 ಎಂಬ ತಳಿಯು ಉತ್ತರಹಿಂದೂಸ್ಥಾನದ ಚಳಿ, ಬರ, ಜವುಗುಗಳನ್ನು ತಾಳಿ ನಿಂತಿತು. 1868ರಲ್ಲಿ ಮದರಾಸಿನ ಸೈದಾಪೇಟೆಯಲ್ಲಿ ಆರಂಭವಾಗಿ, 1906ರಲ್ಲಿ ಕೊಯಮತ್ತೂರಿಗೆ ಬಂದು, 1971ರಲ್ಲಿ ವಿಶ್ವವಿದ್ಯಾನಿಲಯವಾದ ಇಲ್ಲಿಯ ಕೃಷಿವಿದ್ಯಾಲಯವು ಈಗ ಹತ್ತಿಯ ಮೊಗ್ಗುದುರುವುದನ್ನು ತಗ್ಗಿಸಲು ನ್ಯಾಫ್ತಲೀನ್ ಅಸಿಟಿಕ್ ಆಮ್ಲವನ್ನು, ಎಂದರೆ ಕೃತಕ ಆಕ್ಸಿನ್ನನ್ನು, ಲೀಟರು ನೀರಿಗೆ 40 ಮಿಲಿಗ್ರಾಮಿನಂತೆ ಸಿಂಪಡಿಸಲು ಹೇಳುತ್ತದೆ. ಮೇಲೆ ವಿವರಿಸಿದ ಉದುರುಪದರಕ್ಕೆ, ಕಾಯಿಯು ಕಳುಹಲಾರದ ಆಕ್ಸಿನ್ನನ್ನು ಹೊರಗಿನಿಂದ ಉಣಿಸುವ ಯುಕ್ತಿ ಇದು. ಎಲೆಯ ಮೇಲೆ ವಾಸಿಸುತ್ತ ಸೈಟೊಕೈನಿನ್ ಮೊದಲಾದ ಹಾರ್ಮೋನುಗಳನ್ನು ಒಸರಿಸುವ, ಗುಲಾಬಿ ಬಣ್ಣದ ಮೆಥೈಲೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಜೀವಿಯ ದ್ರಾವಣವನ್ನೂ ಬರದ ಸಿಂಪಡಿಕೆಯಾಗಿ ಅಲ್ಲಿಂದಲೇ ರೈತರಿಗೆ ಕೊಡಲಾಗುತ್ತಿದೆ.

ಇವುಗಳ ಮಿತಿಯನ್ನು ತಿಳಿಯಬೇಕಾದರೆ 2016ನ್ನು ನೆನೆಯಬೇಕು. ಆ ವರ್ಷದ ಹಿಂಗಾರು ತಮಿಳುನಾಡಿನಲ್ಲಿ ವಾಡಿಕೆಗಿಂತ ನೂರಕ್ಕೆ 62ರಷ್ಟು ಕಡಿಮೆಯಾಗಿ, 2017ರ ಜನವರಿಯಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳೂ ಬರಪೀಡಿತವೆಂದು ಘೋಷಿತವಾದುವು. ಕೊಯಮತ್ತೂರು, ತಿರುಪ್ಪೂರುಗಳ ತೆಂಗಿನ ತೋಟಗಳಲ್ಲಿ ಗರಿಗಳು ಜೋತುಬಿದ್ದು ಸುಳಿಯೊಣಗಿದ ಮರಗಳು ಸಾಲುಸಾಲಾಗಿ ನಿಂತುವು. ಅಂಥ ಬರಕ್ಕೆ ಯಾವ ಹಾರ್ಮೋನೂ ಉತ್ತರವಲ್ಲ. ರಂಧ್ರವನ್ನು ಮುಚ್ಚಿದ ಎಲೆಯು ನೀರನ್ನು ಆರಿಸಿ ತನ್ನನ್ನು ತಂಪಾಗಿಟ್ಟುಕೊಳ್ಳಲಾರದೆ ಬಿಸಿಯೇರುತ್ತದೆ, ಅನ್ನವಿಲ್ಲದೆ ಸೊರಗುತ್ತದೆ. ಆಬ್ಸಿಸಿಕ್ ಆಮ್ಲವು ಗಿಡಕ್ಕೆ ಗಳಿಸಿಕೊಡುವುದು ಕಾಲಾವಕಾಶವನ್ನೇ ಹೊರತು ನೀರನ್ನಲ್ಲ. ಮುಂದಿನ ಮಳೆಯೋ ಮುಂದಿನ ಕಟ್ಟೆಯ ನೀರೋ ಆ ಅವಕಾಶದೊಳಗೆ ಬಂದರೆ ಬೆಳೆ ಉಳಿಯಿತು.

ಬರವೆಂದರೆ ಮಳೆಯ ಅಭಾವ ಮಾತ್ರವಲ್ಲವೆಂಬುದನ್ನು ಕಾಣಲು ಸಿಂಗಾನಲ್ಲೂರಿನಿಂದ ನೊಯ್ಯಲ್ ಹರಿವಿನೊಡನೆ ಮೂಡಣಕ್ಕೆ ಸಾಗಿದರೆ ಸಾಕು. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ಬನಿಯನ್ ಬಟ್ಟೆಗಳಿಗೆ ಬಣ್ಣ ಹಿಡಿಸಲು ಬಳಸಿದ ಉಪ್ಪು ವರ್ಷಾನುಗಟ್ಟಲೆ ಈ ನದಿಗೆ ಇಳಿದು, 1992ರಲ್ಲಿ ನೀರಾವರಿಗೆಂದು ಮುಗಿಸಿದ ಒರತ್ತುಪಾಳಯದ ಅಣೆಕಟ್ಟೆಯಲ್ಲಿ ನಿಂತು, ಕೆಳಗಣ ಬಾವಿಗಳನ್ನೂ ಹೊಲಗಳನ್ನೂ ಹಾಳುಗೆಡವಿತು. 2011ರ ಜನವರಿಯಲ್ಲಿ ಮದರಾಸು ಉಚ್ಚನ್ಯಾಯಾಲಯವು, ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆಯಾಗುವವರೆಗೆ ಆ ಘಟಕಗಳನ್ನು ಮುಚ್ಚಬೇಕೆಂದು ಆಜ್ಞಾಪಿಸಬೇಕಾಯಿತು. ಉಪ್ಪುಮಣ್ಣಿನಲ್ಲಿ ಕಾಲಿಟ್ಟರೆ ಕೆಸರು, ಆದರೆ ಬೇರು ಆ ನೀರನ್ನು ಎಳೆದುಕೊಳ್ಳಲಾರದು. ಮಣ್ಣಿನ ದ್ರಾವಣವೇ ಬೇರಿನ ರಸಕ್ಕಿಂತ ಸಾಂದ್ರವಾಗಿ ನೀರನ್ನು ಬಿಗಿಹಿಡಿದಿರುತ್ತದೆ. ಗಿಡಕ್ಕೆ ಇದೂ ಬರವೇ. ಒಣನೆಲದಲ್ಲಿ ಏರುವ ಆಬ್ಸಿಸಿಕ್ ಆಮ್ಲವೇ ಇಲ್ಲಿಯೂ ಏರುತ್ತದೆ, ಅದೇ ರಂಧ್ರಗಳು ಮುಚ್ಚುತ್ತವೆ. ಹತ್ತಿಗೆ ಉಪ್ಪನ್ನು ತಾಳುವ ಶಕ್ತಿ ಇತರ ಬೆಳೆಗಳಿಗಿಂತ ಹೆಚ್ಚಾಗಿದ್ದರೂ, ತನ್ನಿಂದಲೇ ಆದ ಬಟ್ಟೆಯ ಬಣ್ಣಕ್ಕಾಗಿ ತನ್ನ ಹೊಲವನ್ನೇ ಕಳೆದುಕೊಳ್ಳುವ ಸ್ಥಿತಿ ಈ ಬೆಳೆಗೆ ಬಂದುದು ವಿಪರ್ಯಾಸವೇ ಸರಿ.

ಹಾಗಾದರೆ ಬರ ಬರುವ ಮುನ್ನವೇ ಆಬ್ಸಿಸಿಕ್ ಆಮ್ಲವನ್ನೇ ಹೊಲಕ್ಕೆ ಸಿಂಪಡಿಸಬಾರದೇಕೆ ಎಂದು ಕೇಳುವವರುಂಟು. ಬಿಸಿಲಿಗೆ ಅದು ಬೇಗ ಕೆಡುತ್ತದೆ, ಗಿಡವೇ ಅದನ್ನು ಬೇಗ ಒಡೆದುಹಾಕುತ್ತದೆ. ದ್ರಾಕ್ಷಿಯ ಹಣ್ಣಿಗೆ ಬಣ್ಣ ಬರಿಸುವಂಥ ಲಾಭದ ಕೆಲಸಗಳಿಗೆ ವಿದೇಶಗಳಲ್ಲಿ ಮಾರುಕಟ್ಟೆಗೆ ಬಂದಿದೆಯಾದರೂ ಎಕರೆಗಟ್ಟಲೆ ಹತ್ತಿಗೆ ಎಟುಕುವ ವಸ್ತುವಲ್ಲ. ಕಟ್ಲರ್ ತಂಡವು 2015ರಲ್ಲಿ ಇದಕ್ಕೊಂದು ಬಳಸುದಾರಿಯನ್ನು ತೋರಿಸಿತು: ಹೊಲಗಳಲ್ಲಿ ಈಗಾಗಲೇ ಬಳಕೆಯಲ್ಲಿರುವ ಮ್ಯಾಂಡಿಪ್ರೊಪಮಿಡ್ ಎಂಬ ಶಿಲೀಂಧ್ರನಾಶಕವನ್ನೇ ಆಬ್ಸಿಸಿಕ್ ಆಮ್ಲವೆಂದು ಭ್ರಮಿಸುವಂತೆ ಗ್ರಾಹಕ ಪ್ರೋಟೀನನ್ನು ತಿದ್ದಿ, ಆ ತಿದ್ದುಪಡಿಯುಳ್ಳ ಟೊಮೆಟೊ ಗಿಡಗಳಿಗೆ ಔಷಧ ಹೊಡೆದಾಗ ಅವು ರಂಧ್ರಗಳನ್ನು ಮುಚ್ಚಿ ನೀರನ್ನು ಉಳಿಸಿದುವು. ಚಮತ್ಕಾರವೇನೋ ಹೌದು. ಆದರೆ ಯಾವ ದಿನ ಮುಚ್ಚಬೇಕು, ಯಾವ ದಿನ ತೆರೆಯಬೇಕೆಂಬುದನ್ನು ಆಗ ಗಿಡವಲ್ಲ, ರೈತನೇ ನಿರ್ಧರಿಸಬೇಕಾಗುತ್ತದೆ. ಮಳೆಯ ದಿನವನ್ನು ಮೊದಲೇ ಅರಿಯದವನಿಗೆ ಅದು ಸುಲಭದ ಹೊಣೆಯಲ್ಲ.

ಕೊನೆಯದಾಗಿ ಹತ್ತಿ ಬೆಳೆಯುವವರಿಗೆ ಎರಡು ಮಾತು. ಮೊಗ್ಗುದುರುವುದನ್ನು ತಡೆಯಲೆಂದು ಗೊಬ್ಬರದ ಅಂಗಡಿಯಿಂದ ತಂದ ಹಾರ್ಮೋನಿನ ಬಾಟಲಿಯ ಮೇಲೆ ಬರೆದ ಪ್ರಮಾಣವನ್ನು, ಸ್ವಲ್ಪ ಹೆಚ್ಚು ಹಾಕಿದರೆ ಗುಣವೂ ಹೆಚ್ಚೀತೆಂಬ ಆಸೆಯಿಂದ ಮೀರಬಾರದು; ಅತಿಯಾದ ಆಕ್ಸಿನ್ ಗಿಡದಲ್ಲಿ ಎಥಿಲೀನನ್ನೇ ಎಬ್ಬಿಸಿ, ತಡೆಯಬೇಕಾದದ್ದನ್ನೇ ಉದುರಿಸುತ್ತದೆ. ಜೋಳ ಕಬ್ಬುಗಳ ಹೊಲದಲ್ಲಿ ಅಗಲ ಎಲೆಯ ಕಳೆಗಳಿಗೆ ಹೊಡೆಯುವ 2,4-ಡಿ ಎಂಬುದೂ ಒಂದು ಆಕ್ಸಿನ್ನೇ, ಹತ್ತಿಯು ಅದಕ್ಕೆ ಬಹಳ ಬೇಗ ತುತ್ತಾಗುವ ಬೆಳೆ. ಅದರ ಲೇಶವು ತಗುಲಿದರೂ ಹೊಸ ಎಲೆಗಳು ಬೆಂಡೆಯ ಎಲೆಯಂತೆ ಸೀಳಿ ಕಿರಿದಾಗುತ್ತವೆ. ಆ ಕಳೆನಾಶಕವನ್ನು ಹೊಡೆದ ಪಂಪನ್ನು, ಎಷ್ಟು ತೊಳೆದಿದ್ದರೂ, ಹತ್ತಿಯ ಹೊಲಕ್ಕೆ ತೆಗೆದುಕೊಂಡು ಹೋಗಬೇಡಿ. ಹತ್ತಿಗೆ ಬೇರೆಯ ಪಂಪನ್ನೇ ಇಟ್ಟುಕೊಳ್ಳಿ.